ಹೊಸ ಬೇಕಿಂಗ್ ರೆಸಿಪಿಗಳಲ್ಲಿ ಅರ್ಧಕ್ಕರ್ಧ ಕೆಡುತ್ತಿವೆ. ನಿಮಗೂ ಹೀಗೆ ಆಗಿತ್ತೇ? ಕೆಟ್ಟದ್ದನ್ನು ಏನು ಮಾಡುತ್ತೀರಿ?

ಆಗಿತ್ತು, ಈಗಲೂ ಆಗುತ್ತದೆ. ಆರು ತಿಂಗಳ ಹಿಂದೆ ನೀವು ಓಟಿಜಿ (ಮನೆಬಳಕೆಯ ಸಣ್ಣ ವಿದ್ಯುತ್ ಓವನ್) ಕೊಂಡು, ಪ್ರತಿ ಭಾನುವಾರ ಒಂದು ಹೊಸ ರೆಸಿಪಿ ಮಾಡುತ್ತಿದ್ದೀರಿ, ಮೈದಾ ಬೆಣ್ಣೆ ದಂಡವಾಗುವುದನ್ನು ನೋಡಿ ಮನೆಯವರಿಗೂ ಬೇಸರ ಬಂದಿದೆ ಎಂದು ಬರೆದಿದ್ದೀರಿ. ನನ್ನ ನೋಟ್‌ಬುಕ್ಕಿನ ಲೆಕ್ಕ ಹೇಳುತ್ತೇನೆ. ನಾಲ್ಕು ವರ್ಷದಲ್ಲಿ 58 ರೆಸಿಪಿ. ಮೊದಲ ಸಲವೇ ಸರಿಯಾಗಿ ಬಂದದ್ದು 21. ಎರಡನೆಯ, ಮೂರನೆಯ, ನಾಲ್ಕನೆಯ ಸಲಕ್ಕೆ ಕೈಗೆ ಹತ್ತಿದ್ದು 24. ಉಳಿದ 13 ಬಿಟ್ಟುಬಿಟ್ಟಿದ್ದೇನೆ. ಅರ್ಧ ಕೆಡುತ್ತಿದೆ ಎಂದರೆ ನೀವು ಹಿಂದೆ ಬಿದ್ದಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಯೋಚನೆಗೆ ಹಚ್ಚಿದ್ದು ಆ ‘ಪ್ರತಿ ಭಾನುವಾರ ಹೊಸದು’ ಎಂಬ ಮಾತು. ಮೊದಲ ವರ್ಷ ನಾನೂ ಹಾಗೆಯೇ ಮಾಡಿದೆ. ಒಂದು ಕೆಟ್ಟರೆ ಅದನ್ನು ಅಲ್ಲಿಗೇ ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದೆ. ತಪ್ಪೂ ನನ್ನ ಜೊತೆಗೇ ಬರುತ್ತಿತ್ತು. ಕೇಕಿನಲ್ಲಿ ಮಾಡಿದ್ದೇ ಬಿಸ್ಕತ್ತಿನಲ್ಲಿ, ಬಿಸ್ಕತ್ತಿನಲ್ಲಿ ಮಾಡಿದ್ದೇ ಬ್ರೆಡ್ಡಿನಲ್ಲಿ. ಅದು ನನಗೆ ಕಾಣಿಸಿದ್ದು ಖಾರಾ ಬನ್ನನ್ನು ಪಟ್ಟು ಹಿಡಿದು ನಾಲ್ಕು ಸಲ ಮಾಡಿದಾಗ.

ಖಾರಾ ಬನ್ ಆರಿಸಿಕೊಂಡದ್ದಕ್ಕೆ ಒಂದು ಕಾರಣವಿತ್ತು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಶುರುವಾದ ಬಿ.ಬಿ. ಬೇಕರಿಯಿಂದ ಹಿಡಿದು ಹಾಸನದ ಕಡೆಯವರು ಊರೂರಿನಲ್ಲಿ ತೆರೆದ ಅಯ್ಯಂಗಾರ್ ಬೇಕರಿಗಳವರೆಗೆ, ನಮ್ಮಲ್ಲಿ ಬಹಳ ಜನ ಬೆಳೆದದ್ದೇ ಆ ರುಚಿಯಲ್ಲಿ. ಖಾರಾ ಬನ್ ಹೇಗಿರಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುರಿದಾಗ ಎಳೆ ಎಳೆಯಾಗಿ ಬರಬೇಕು, ಮೊದಲು ಸಿಹಿ ತಗುಲಿ ಆಮೇಲೆ ಹಸಿಮೆಣಸು ಹತ್ತಬೇಕು, ಸಬ್ಬಸಿಗೆಯ ಘಮ ಬೆರಳಿಗೆ ಅಂಟಿಕೊಂಡಿರಬೇಕು. ಸರಿಯಾದದ್ದು ಯಾವುದೆಂದು ನಾಲಿಗೆಗೆ ಗೊತ್ತಿದ್ದರೆ ಎಲ್ಲಿ ತಪ್ಪಿತೆಂದು ಹುಡುಕಬಹುದು. ಇದಕ್ಕೆ ಎದುರಾದ ಅನುಭವವೂ ಇದೆ. ಇಟಲಿಯ ಸಿಯಾಬಟ್ಟಾ ಬ್ರೆಡ್ಡನ್ನು ಎಂದೂ ತಿನ್ನದೆಯೇ ಮಾಡಲು ಹೊರಟೆ. ಹಿಟ್ಟು ದೋಸೆಹಿಟ್ಟಿನ ಹಾಗೆ ಕೈಗೆ ಹತ್ತುತ್ತಿತ್ತು. ನೀರು ಹೆಚ್ಚಾಯಿತೆಂದು ಮೈದಾ ಸುರಿದು ಸುರಿದು ಗಟ್ಟಿ ಮಾಡಿದೆ. ಅದು ಇರಬೇಕಾದದ್ದೇ ಹಾಗೆ, ಆ ನೀರಿನಿಂದಲೇ ಒಳಗೆ ದೊಡ್ಡ ದೊಡ್ಡ ರಂಧ್ರ ಬರುವುದು ಎಂದು ತಿಳಿದದ್ದು ಎಷ್ಟೋ ದಿನದ ಮೇಲೆ.

ಈಗ ಆ ನಾಲ್ಕು ಸಲದ ಕಥೆ.

ಮೊದಲ ಸಲ ಮಾಡಿದ್ದು ಡಿಸೆಂಬರಿನಲ್ಲಿ, ಮೈಸೂರಿನ ಚಳಿಯ ಬೆಳಗ್ಗೆ. ಹಾಲು ಬೆಚ್ಚಗಿರಲಿ ಎಂದು ರೆಸಿಪಿಯಲ್ಲಿ ಇತ್ತು. ಚಳಿಗೆ ಇನ್ನೂ ಸ್ವಲ್ಪ ಬಿಸಿ ಇದ್ದರೆ ಒಳ್ಳೆಯದೆಂದುಕೊಂಡು, ಒಲೆಯಿಂದ ಇಳಿಸಿದ ಹಾಲನ್ನೇ ಯೀಸ್ಟಿನ ಮೇಲೆ ಸುರಿದೆ. ಎರಡು ಗಂಟೆ ಕಾದರೂ ಹಿಟ್ಟು ಕೂತಲ್ಲೇ ಕೂತಿತ್ತು. ಯೀಸ್ಟಿಗೆ ಜೀವವಿದೆ. 60 ಡಿಗ್ರಿ ಸೆಲ್ಸಿಯಸ್ ಹತ್ತಿರದ ಬಿಸಿಯಲ್ಲಿ ಅದು ಸಾಯುತ್ತದೆ, 35ರಿಂದ 40 ಡಿಗ್ರಿ ಅದಕ್ಕೆ ಹಿತ. ಕೂಸಿಗೆ ಸ್ನಾನ ಮಾಡಿಸುವ ನೀರನ್ನು ಮೊಣಕೈ ಅದ್ದಿ ನೋಡುತ್ತೇವಲ್ಲ, ಆ ಹದ.

ಎರಡನೆಯ ಸಲ ಹಿಟ್ಟು ಚೆನ್ನಾಗಿ ಉಬ್ಬಿತು. ಆದರೆ ಉಂಡೆ ಕಟ್ಟಿ ತಟ್ಟೆಯಲ್ಲಿ ಇಟ್ಟರೆ ನಿಲ್ಲಲೇ ಇಲ್ಲ. ಒಂದಕ್ಕೊಂದು ಹರಿದುಕೊಂಡು ಸೇರಿ, ಬೆಂದ ಮೇಲೆ ದಪ್ಪ ರೊಟ್ಟಿಯಂತೆ ಚಪ್ಪಟೆಯಾಗಿದ್ದವು. ನಮ್ಮ ಬಡಾವಣೆಯ ಬೇಕರಿಯಲ್ಲಿ ವರ್ಷಗಳಿಂದ ಬನ್ ಮಾಡುತ್ತಿರುವ ಹಿರಿಯರೊಬ್ಬರಿದ್ದಾರೆ. ಮಧ್ಯಾಹ್ನ ಗಿರಾಕಿ ಕಡಿಮೆ ಇದ್ದಾಗ ಹೋಗಿ ಕೇಳಿದೆ.

“ಈರುಳ್ಳಿ ಯಾವಾಗ ಹಾಕಿದಿರಿ ಅಮ್ಮಾ?”

“ಮೊದಲೇ, ಹಿಟ್ಟು ಕಲಸುವಾಗ.”

“ಅಲ್ಲೇ ತಪ್ಪಿದ್ದು. ಉಪ್ಪು ತಗುಲಿದರೆ ಈರುಳ್ಳಿ ನೀರು ಬಿಡುತ್ತದೆ. ಹಿಂಡಿ, ಕೊನೆಯಲ್ಲಿ ಹಾಕಿ.”

ಮನೆಗೆ ಬಂದು ನೋಡಿದೆ. ಸಣ್ಣಗೆ ಹೆಚ್ಚಿದ ಒಂದು ದೊಡ್ಡ ಈರುಳ್ಳಿಗೆ ಚಿಟಿಕೆ ಉಪ್ಪು ಬೆರೆಸಿ ಹತ್ತು ನಿಮಿಷ ಬಿಟ್ಟೆ. ತುಣುಕುಗಳ ಅಂಚು ಮೆತ್ತಗಾಗಿ, ಬಟ್ಟಲಿನ ತಳದಲ್ಲಿ ತಿಳಿ ನೀರು ಕಾಣಿಸಿತು. ಬಿಳಿ ಪಂಚೆಯ ತುಂಡಿನಲ್ಲಿ ಕಟ್ಟಿ ಹಿಂಡಿದರೆ ಎರಡು ಚಮಚ ನೀರು ಇಳಿಯಿತು. ಯಾವ ರೆಸಿಪಿಯ ಅಳತೆಯಲ್ಲೂ ಇಲ್ಲದ ಆ ಎರಡು ಚಮಚ ನನ್ನ ಹಿಟ್ಟಿನಲ್ಲಿ ಸೇರಿಕೊಂಡಿತ್ತು. ಅಂದಿನಿಂದ ಆ ಹಿರಿಯರ ಮಾತನ್ನು ಕಣ್ಣಿಗೆ ಒತ್ತಿಕೊಂಡಿದ್ದೇನೆ.

ಮೂರನೆಯ ಸಲ ಆಕಾರ ಸರಿಯಾಯಿತು, ತಳ ಕರಕಲಾಯಿತು. ಆಗ ಓವನ್ ಒಳಗೆ ಇಡುವ ಥರ್ಮಾಮೀಟರ್ ಒಂದನ್ನು ತಂದೆ. ಗುಂಡಿಯನ್ನು 180ಕ್ಕೆ ತಿರುಗಿಸಿದರೆ ಒಳಗಿನ ಮುಳ್ಳು 205ಕ್ಕೆ ಹೋಗಿ ನಿಂತಿತು. ಅದನ್ನು ನೋಡಿ ತುಂಬಾ ಹೊತ್ತು ಓಟಿಜಿಯ ಮುಂದೆಯೇ ಕುಳಿತಿದ್ದೆ. ಒಂದು ವರ್ಷದಲ್ಲಿ ಮೇಲೆ ಬಿರಿದು ಒಳಗೆ ಹಸಿಯಾಗಿದ್ದ ಕೇಕ್‌ಗಳು, ಅಂಚು ಸೀದ ಬಿಸ್ಕತ್ತುಗಳು, ಎಲ್ಲದಕ್ಕೂ ಬರೆದವರನ್ನು ದೂರಿದ್ದೆ. ಆ ರೆಸಿಪಿಗಳಲ್ಲಿ ಹೆಚ್ಚಿನವುಗಳಲ್ಲಿ ಏನೂ ತಪ್ಪಿರಲಿಲ್ಲ. ನೀವು ಮುಂದಿನ ಭಾನುವಾರ ಏನನ್ನಾದರೂ ಕೊಳ್ಳುವುದಿದ್ದರೆ ಹೊಸ ಅಚ್ಚು ಬೇಡ. ಈ ಥರ್ಮಾಮೀಟರ್ ಮತ್ತು ಒಂದೊಂದು ಗ್ರಾಮನ್ನೂ ತೋರಿಸುವ ತೂಕದ ಯಂತ್ರ, ಇವೆರಡನ್ನು ಕೊಳ್ಳಿ.

ನಾಲ್ಕನೆಯ ಸಲದ ಅಳತೆ ಇದು. 300 ಗ್ರಾಂ ಮೈದಾ, 190 ಮಿಲಿಲೀಟರ್ ಬೆಚ್ಚಗಿನ ಹಾಲು, 40 ಗ್ರಾಂ ಉಪ್ಪಿಲ್ಲದ ಬೆಣ್ಣೆ, 20 ಗ್ರಾಂ ಸಕ್ಕರೆ, 6 ಗ್ರಾಂ ಉಪ್ಪು, 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್. ಹತ್ತು ಹನ್ನೆರಡು ನಿಮಿಷ ನಾದಿ, ಎರಡು ಪಟ್ಟು ಉಬ್ಬಿದ ಮೇಲೆ ಹಿಂಡಿದ ಈರುಳ್ಳಿ, ಹಸಿಮೆಣಸು, ಕರಿಬೇವು, ಕೊತ್ತಂಬರಿ, ಸಬ್ಬಸಿಗೆ ಸೇರಿಸಿದೆ. ಎಂಟು ಉಂಡೆ ಮಾಡಿ ಮತ್ತೆ ಉಬ್ಬಲು ಬಿಟ್ಟು, ಓವನ್ನಿನ ನಡುವಿನ ಅಂತಸ್ತಿನಲ್ಲಿ, ಥರ್ಮಾಮೀಟರಿನ 190 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿದೆ. ಎಳೆ ಬಂತು. ಘಮ ಬಂತು. ಮಗಳು ಮೊದಲನೆಯದನ್ನು ಮುರಿದು ಮೂಗಿಗೆ ಹಿಡಿದು, “ಬೇಕರಿದು!” ಎಂದಳು. ನೋಟ್‌ಬುಕ್ಕಿನಲ್ಲಿ ಆ ದಿನದ ಪುಟಕ್ಕೆ ಬೆಣ್ಣೆಯ ಕಲೆ ಇದೆ.

ಒಂದೊಂದು ಸಲಕ್ಕೆ ಒಂದನ್ನೇ ಬದಲಿಸಿದ್ದರಿಂದ ಇದೆಲ್ಲ ತಿಳಿಯಿತು. ಹಾಲಿನ ಬಿಸಿ, ಈರುಳ್ಳಿ, ಓವನ್ನಿನ ಶಾಖ ಮೂರನ್ನೂ ಒಟ್ಟಿಗೆ ಬದಲಿಸಿ ಗೆದ್ದಿದ್ದರೆ ಬನ್ ಸಿಗುತ್ತಿತ್ತು, ಕಾರಣ ಸಿಗುತ್ತಿರಲಿಲ್ಲ.

ಹನಿ ಕೇಕಿನಲ್ಲಿ ಕೆಟ್ಟದ್ದು ಒಂದೇ ಸಲ. ಮೊಟ್ಟೆಯಿಲ್ಲದ ಸ್ಪಂಜು, ಮೊಸರು ಮತ್ತು ಅಡುಗೆ ಸೋಡಾದಿಂದ ಉಬ್ಬುವಂಥದ್ದು. ಹಿಟ್ಟು ಕಲಸಿದ ಮೇಲೆ ನೆನಪಾಗಿ ಓವನ್ ಕಾಯಲು ಹಚ್ಚಿದೆ. ಸೋಡಾ ಮೊಸರಿನ ಹುಳಿಯನ್ನು ಮುಟ್ಟಿದ ಕ್ಷಣದಿಂದಲೇ ಗಾಳಿಗುಳ್ಳೆ ಬಿಡತೊಡಗುತ್ತದೆ. ಇಪ್ಪತ್ತು ನಿಮಿಷ ಹಾಗೇ ಕೂತ ಹಿಟ್ಟಿನಲ್ಲಿ ಉಬ್ಬಿಸಲು ಹೆಚ್ಚೇನೂ ಉಳಿದಿರಲಿಲ್ಲ, ನಡುಭಾಗ ಕುಸಿಯಿತು. ಮುಂದಿನ ವಾರ ಓವನ್ ಕಾದ ಮೇಲೆಯೇ ಮೊಸರಿಗೆ ಸೋಡಾ ಹಾಕಿದೆ. ಸಕ್ಕರೆಪಾಕವನ್ನು ಒಲೆಯಿಂದ ಇಳಿಸಿ ಜೇನು ಬೆರೆಸಿ, ಕಡ್ಡಿಯಿಂದ ಚುಚ್ಚಿದ ಕೇಕಿನ ಮೇಲೆ ಚಮಚ ಚಮಚವಾಗಿ ಬಿಟ್ಟು, ಜಾಮ್ ಸವರಿ, ಒಣ ಕೊಬ್ಬರಿ ಉದುರಿಸಿದೆ. ಅತ್ತೆಯವರು ಎರಡನೆಯ ತುಂಡು ಕೇಳಿದರು. ಅವರು ಸಿಹಿ ಕೇಳುವವರೇ ಅಲ್ಲ.

ಮೊದಲ ಸಲವೇ ಗೆದ್ದದ್ದನ್ನೂ ಪೂರ್ತಿ ನಂಬಬೇಡಿ. ರಾಗಿ ಬಿಸ್ಕತ್ತು ನನಗೆ ಜನವರಿಯಲ್ಲಿ ಅಚ್ಚುಕಟ್ಟಾಗಿ ಬಂತು, ಏನನ್ನೂ ಬರೆದುಕೊಳ್ಳಲಿಲ್ಲ. ಏಪ್ರಿಲ್‌ನಲ್ಲಿ ಅದೇ ಅಳತೆಯಲ್ಲಿ ಮಾಡಿದರೆ ಎಲ್ಲವೂ ಹರಡಿ ಒಂದಾದವು. ಬೇಸಿಗೆಯ ಅಡುಗೆಮನೆಯಲ್ಲಿ ಬೆಣ್ಣೆ ಓವನ್ ಸೇರುವ ಮೊದಲೇ ಕರಗಿತ್ತು. ರಾಗಿಯಲ್ಲಿ ಗೋಧಿ, ಮೈದಾದಲ್ಲಿರುವ ಜಿಗುಟಿನ ಅಂಶವಾದ ಗ್ಲುಟೆನ್ ಇಲ್ಲದ್ದರಿಂದ ಹಿಡಿದಿಡಲು ಬೇರೇನೂ ಇರುವುದಿಲ್ಲ. ಈಗ ತಟ್ಟಿದ ಬಿಸ್ಕತ್ತುಗಳನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಆಮೇಲೆ ಬೇಯಿಸುತ್ತೇನೆ. ನೋಟ್‌ಬುಕ್ಕಿನಲ್ಲಿ ತಿಂಗಳನ್ನೂ ಬರೆಯುವ ಅಭ್ಯಾಸ ಆವತ್ತಿನಿಂದ.

ವಿದೇಶಿ ರೆಸಿಪಿಗಳ ಬಗ್ಗೆ ಒಂದೆರಡು ಮಾತು. 350 ಡಿಗ್ರಿ ಎಂದಿದ್ದರೆ ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಸುಮಾರು 177. ಕಪ್ ಲೆಕ್ಕವನ್ನು ಆದಷ್ಟು ಬಿಡಿ. ಒಂದೇ ಕಪ್ಪಿನಲ್ಲಿ ಮೈದಾವನ್ನು ಚಮಚದಿಂದ ಹಗುರವಾಗಿ ತುಂಬಿದಾಗ 120 ಗ್ರಾಂ ತೂಗಿತು, ಡಬ್ಬದೊಳಗೆ ಅದ್ದಿ ತೆಗೆದಾಗ 150 ದಾಟಿತು. ಮೈದಾ ಬದಲು ಗೋಧಿಹಿಟ್ಟು ಹಾಕುವುದಿದ್ದರೆ ನೀರು ಹೆಚ್ಚಿಸಿ, ಕಲಸಿ ಅರ್ಧ ಗಂಟೆ ಬಿಟ್ಟು ಆಮೇಲೆ ನಾದಿ. ಇಲ್ಲದಿದ್ದರೆ ಬ್ರೆಡ್ ಇಟ್ಟಿಗೆಯಾಗುತ್ತದೆ.

ನಿಮ್ಮ ಭಾನುವಾರಗಳನ್ನು ನಾನಾದರೆ ಹೀಗೆ ಹಂಚುತ್ತಿದ್ದೆ: ತಿಂಗಳಿಗೆ ಒಂದೇ ಹೊಸ ರೆಸಿಪಿ, ಉಳಿದ ಮೂರು ವಾರ ಅದನ್ನೇ ಮತ್ತೆ. ಮನೆಯವರಿಗೆ ತಿಳಿದ, ಅವರಿಗೆ ಇಷ್ಟವಾದ ತಿನಿಸನ್ನೇ ಮೊದಲು ಹಿಡಿಯಿರಿ. ಅವರೇ ನಿಮಗೆ ಒಳ್ಳೆಯ ಪರೀಕ್ಷಕರಾಗುತ್ತಾರೆ, ಬೇಸರವೂ ಕಡಿಮೆಯಾಗುತ್ತದೆ.

ಕೆಟ್ಟದ್ದನ್ನು ಏನು ಮಾಡುತ್ತೀರಿ ಎಂದು ಕೇಳಿದಿರಿ. ಸೀದು ಕಪ್ಪಾದದ್ದನ್ನು ಬಿಟ್ಟರೆ ಬೇರೇನನ್ನೂ ನಾನು ಎಸೆಯುವುದಿಲ್ಲ. ಯೀಸ್ಟ್ ಸತ್ತ ಆ ಮೊದಲ ಹಿಟ್ಟಿಗೆ ಅತ್ತೆಯವರು ಈರುಳ್ಳಿ, ಮೆಣಸಿನಕಾಯಿ ಬೆರೆಸಿ, ಲಟ್ಟಿಸಿ, ಕಾವಲಿಯ ಮೇಲೆ ತುಪ್ಪ ಹಾಕಿ ಬೇಯಿಸಿದರು. ಚಪ್ಪಟೆಯಾದ ಬನ್ನುಗಳು ಪುಡಿಯಾಗಿ ಕಟ್ಲೆಟ್ಟಿಗೆ ಹೋದವು. ಕುಸಿದ ಕೇಕಿಗೆ ರಸ್ಕ್‌ಗಿಂತ ಒಳ್ಳೆಯ ದಾರಿಯಿಲ್ಲ. ನಡುವೆ ಹಸಿ ಉಳಿದಿದ್ದರೆ ಅಷ್ಟನ್ನು ತೆಗೆದುಬಿಡಿ, ಉಳಿದದ್ದನ್ನು ಒಂದು ರಾತ್ರಿ ಫ್ರಿಜ್‌ನಲ್ಲಿಡಿ. ಮಾರನೆಯ ದಿನ ಬೆರಳಿನಷ್ಟು ದಪ್ಪಕ್ಕೆ ಕತ್ತರಿಸಿ, 150 ಡಿಗ್ರಿಯಲ್ಲಿ ಒಂದೊಂದು ಬದಿಗೆ ಹದಿನೈದು ನಿಮಿಷ ಇಡಿ. ಒತ್ತಿದರೆ ಇನ್ನೂ ತಗ್ಗುವಂತಿದ್ದರೆ ಮತ್ತೆ ಐದು ನಿಮಿಷ. ಪೂರ್ತಿ ತಣ್ಣಗಾದ ಮೇಲೆಯೇ ಡಬ್ಬಕ್ಕೆ ತುಂಬಿ, ಬಿಸಿಯಿರುವಾಗ ಮುಚ್ಚಿದರೆ ಒಳಗಿನ ಆವಿಗೆ ಮತ್ತೆ ಮೆತ್ತಗಾಗುತ್ತವೆ.