ವಾರದ ಕೌನ್ಸೆಲಿಂಗ್ ಬಿಟ್ಟು ಉದ್ದನೆಯ ಸೆಷನ್‌ಗೆ ಹೋಗಬಹುದಾ?

ನೀವು ಕೇಳಿದ್ದು ಇದು: ವಾರಕ್ಕೊಂದು ಸಲ ಕೌನ್ಸೆಲಿಂಗ್‌ಗೆ ಹೋಗುತ್ತಿದ್ದೀರಿ. ಹಳೆಯ ಒಂದು ಕೆಟ್ಟ ಘಟನೆಯ ಮಾತು ತೆಗೆಯುವಷ್ಟರಲ್ಲಿ ಹೊತ್ತು ಮುಗಿದುಹೋಗುತ್ತದೆ. ಒಂದೇ ಸಲ ಮೂರ್ನಾಲ್ಕು ಗಂಟೆ ಕೂರಿಸಿ ಮಾಡುವ ಥೆರಪಿ ಇದೆಯಂತೆ, ಅದರಿಂದ ನಿಜಕ್ಕೂ ಉಪಯೋಗ ಇದೆಯಾ, ಇಲ್ಲ ಸುಮ್ನೆ ದುಡ್ಡು ಕೀಳುವ ದಾರಿಯಾ ಅಂತ.

ಉಪಯೋಗ ಇದೆ. ಆದರೆ ಎಲ್ಲ ತೊಂದರೆಗೂ ಅಲ್ಲ. ನಾನು ಎರಡನ್ನೂ ಪಡೆದಿದ್ದೇನೆ. ಬಹಳ ಕಾಲ ವಾರದ ಕೌನ್ಸೆಲಿಂಗ್, ಆಮೇಲೆ ಒಂದು ರಸ್ತೆ ಅಪಘಾತದ ನೆನಪಿಗಾಗಿ ಉದ್ದನೆಯ ಸೆಷನ್‌ಗಳು. ಆಗ ಓದಿ ತಿಳಿದುಕೊಂಡಿದ್ದನ್ನೂ ಸೇರಿಸಿ ಹೇಳುತ್ತೇನೆ.

ಮಾಮೂಲಿ ಸೆಷನ್ 45ರಿಂದ 50 ನಿಮಿಷ ಇರುತ್ತದೆ. ಕೂತ ಕೂಡಲೇ ಆ ವಾರ ಏನೇನಾಯಿತು ಅನ್ನುವ ಮಾತು. ಕೊನೆಯ ಸ್ವಲ್ಪ ಹೊತ್ತು ನಿಮ್ಮನ್ನು ಸಮಾಧಾನ ಮಾಡಿ ಕಳಿಸುವುದಕ್ಕೆ ಬೇಕು. ನಡುವೆ ಉಳಿಯುವುದು ಅರ್ಧ ಗಂಟೆಯೂ ಅಲ್ಲ. ಭಯದ ನೆನಪನ್ನು ಹೊರಗೆ ತೆಗೆದು, ಅದು ಸ್ವಲ್ಪ ತಗ್ಗುವ ತನಕ ಅದರ ಜೊತೆ ಇರುವುದಕ್ಕೆ ಇಷ್ಟು ಸಾಲುವುದಿಲ್ಲ. ಮನಸ್ಸು ತಾನೇ ಲೆಕ್ಕ ಹಾಕಿಬಿಡುತ್ತದೆ: ಈಗ ಶುರು ಮಾಡಿದರೆ ಮುಗಿಯಲ್ಲ, ಇವತ್ತು ಬೇಡ. ಹೀಗೆ ತಿಂಗಳುಗಟ್ಟಲೆ ವಿಷಯದ ಸುತ್ತಲೇ ಮಾತಾಡುತ್ತಾ ಇರುತ್ತೇವೆ. ಇದರಲ್ಲಿ ನಿಮ್ಮ ದೋಷ ಏನೂ ಇಲ್ಲ. ಅಂದಹಾಗೆ, ವಾರಕ್ಕೊಮ್ಮೆಯೇ ಆಗಬೇಕು ಅಂತ ನಿಯಮವೇನೂ ಇಲ್ಲ. ಮಾತಿನ ಮೂಲಕ ಮನಸ್ಸಿಗೆ ಚಿಕಿತ್ಸೆ ಕೊಡುವ ಮನೋವಿಶ್ಲೇಷಣೆಯನ್ನು ಶುರು ಮಾಡಿದ ಫ್ರಾಯ್ಡ್ ತಮ್ಮಲ್ಲಿಗೆ ಬರುತ್ತಿದ್ದವರನ್ನು ವಾರದಲ್ಲಿ ಆರು ದಿನ ನೋಡುತ್ತಿದ್ದರು.

ಉದ್ದನೆಯ ಸೆಷನ್ ಕೂಡ ಹೊಸ ಫ್ಯಾಷನ್ ಅಲ್ಲ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಯೋರಾನ್ ಓಸ್ಟ್ 1989ರಲ್ಲೇ ಒಂದು ವಿಧಾನವನ್ನು ಪ್ರಕಟಿಸಿದರು. ಜೇಡ, ಹಾವು, ಸೂಜಿಯಂಥ ಒಂದೇ ವಸ್ತುವಿನ ಭಯಕ್ಕೆ ಒಂದೇ ಸೆಷನ್, ಹೆಚ್ಚೆಂದರೆ ಮೂರು ಗಂಟೆ. ಒತ್ತಾಯ ಇಲ್ಲ, ಪ್ರತಿ ಹೆಜ್ಜೆಗೂ ನಿಮ್ಮ ಒಪ್ಪಿಗೆ ಬೇಕು. ನಾರ್ವೆಯ ಬರ್ಗೆನ್‌ನಲ್ಲಿ ಒಸಿಡಿಗೆ, ಅಂದರೆ ಗೀಳು ಕಾಯಿಲೆಗೆ, ನಾಲ್ಕು ದಿನದ ಚಿಕಿತ್ಸೆ ರೂಪಿಸಿದರು. ಗುಂಪಿನಲ್ಲಿ ನಡೆದರೂ ಒಬ್ಬೊಬ್ಬರ ಜೊತೆಗೂ ಒಬ್ಬ ಥೆರಪಿಸ್ಟ್ ಇರುತ್ತಾರೆ. ನಡುವಿನ ಎರಡು ದಿನ ಪೂರ್ತಿ ಭಯವನ್ನು ಎದುರಿಸುವ ಅಭ್ಯಾಸ.

ನಿಮಗೆ ಹತ್ತಿರವಾದದ್ದು ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿದುಬಿಡುವ ತೊಂದರೆ. 2014ರಲ್ಲಿ ಮನಶ್ಶಾಸ್ತ್ರಜ್ಞೆ ಆಂಕೆ ಎಹ್ಲರ್ಸ್ ಮತ್ತು ಜೊತೆಗಾರರು ಒಂದು ಹೋಲಿಕೆ ಪ್ರಕಟಿಸಿದರು. ಕೆಲವರಿಗೆ ಮೂರು ತಿಂಗಳು ವಾರಕ್ಕೊಮ್ಮೆ ಚಿಕಿತ್ಸೆ, ಕೆಲವರಿಗೆ ಅದೇ ಚಿಕಿತ್ಸೆ ಏಳು ದಿನದೊಳಗೆ. ಫಲ ಹೆಚ್ಚುಕಡಿಮೆ ಒಂದೇ. ಏಳು ದಿನದವರು ಬೇಗ ಚೇತರಿಸಿಕೊಂಡರು. 2018ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞೆ ಎಡ್ನಾ ಫೋವಾ ಅವರ ತಂಡ ಅಮೆರಿಕದ ಸೈನಿಕರಲ್ಲಿ ಇಂಥದ್ದನ್ನೇ ನೋಡಿತು. ಹತ್ತು ಸೆಷನ್‌ಗಳನ್ನು ಎರಡು ವಾರದಲ್ಲಿ ಮುಗಿಸಿದರೂ ಎಂಟು ವಾರಕ್ಕೆ ಹರಡಿದ್ದಕ್ಕಿಂತ ಫಲ ಕಡಿಮೆ ಆಗಲಿಲ್ಲ. ಉದ್ದನೆಯದು ಜಾಸ್ತಿ ಒಳ್ಳೆಯದು ಅಂತ ಇವು ಹೇಳುವುದಿಲ್ಲ. ಅದೇ ಫಲ ಬೇಗ ಸಿಗಬಹುದು ಅನ್ನುತ್ತವೆ, ಅಷ್ಟೇ. ಆದರೆ ದಿನಾ ರಾತ್ರಿ ಕೆಟ್ಟ ಕನಸಿಗೆ ಎದ್ದು ಕೂರುವವರಿಗೆ ಆ 'ಬೇಗ' ಚಿಕ್ಕ ಮಾತಲ್ಲ ಅಲ್ವಾ?

ನನ್ನ ಸೆಷನ್ ಹೇಗಿತ್ತು ಅಂತ ಹೇಳಿದರೆ ನಿಮಗೆ ಅಂದಾಜು ಸಿಗಬಹುದು. ಮೊದಲ ಒಂದು ಗಂಟೆ ತಯಾರಿ, ಏನು ಮಾಡುತ್ತೇವೆ, ಯಾವಾಗ ನಿಲ್ಲಿಸಬಹುದು ಅನ್ನುವ ಮಾತು. ಆಮೇಲೆ ಕಣ್ಣು ಮುಚ್ಚಿ ಅಪಘಾತವನ್ನು ಈಗ ನಡೆಯುತ್ತಿದೆ ಅನ್ನುವ ಹಾಗೆ ಹೇಳಬೇಕು. ಮುಗಿದ ಮೇಲೆ ಮತ್ತೆ ಮೊದಲಿನಿಂದ. ಮೊದಲ ಸಲ ಮೈ ನಡುಗಿತು. ಎರಡನೇ ಸಲ ಅತ್ತೆ. ಆಮೇಲಿನ ಸುತ್ತಿನಲ್ಲಿ, ನಾನು ಬ್ರೇಕ್ ಒತ್ತಿದ್ದೆ ಅನ್ನುವುದು ನೆನಪಿಗೆ ಬಂತು. ಅಷ್ಟು ವರ್ಷ ನಾನು ಏನೂ ಮಾಡದೆ ಕೂತಿದ್ದೆ ಅಂತ ನಂಬಿಕೊಂಡಿದ್ದೆ. 50 ನಿಮಿಷದ ಸೆಷನ್‌ನಲ್ಲಿ ನಾವು ಯಾವತ್ತೂ ಆ ಜಾಗಕ್ಕೆ ತಲುಪಿರಲಿಲ್ಲ. ನಡುವೆ ವಿರಾಮ ಇತ್ತು, ನೀರು, ಸ್ವಲ್ಪ ಓಡಾಟ. ಕೊನೆಯ ಭಾಗವನ್ನು ಥೆರಪಿಸ್ಟ್ ನೆನಪಿನ ಕೆಲಸಕ್ಕೆ ಬಳಸಲೇ ಇಲ್ಲ, ಮನಸ್ಸು ತಣ್ಣಗಾಗುವುದಕ್ಕೆ ಬಿಟ್ಟರು. ಆದರೂ ಮನೆಗೆ ಬಂದಾಗ ಪೂರ್ತಿ ಸುಸ್ತು. ಕೆಲವು ರಾತ್ರಿ ಕನಸುಗಳೂ ಹೆಚ್ಚಿದವು, ಆಮೇಲೆ ಇಳಿದವು. ಮರುದಿನ ಕೆಲಸ ಇಟ್ಟುಕೊಳ್ಳಬೇಡಿ. ಹತ್ತಿರದವರೊಬ್ಬರಿಗೆ ಮೊದಲೇ ಹೇಳಿಡಿ.

ಆದರೂ ನಾನು ವಾರದ ಕೌನ್ಸೆಲಿಂಗ್ ಬಿಟ್ಟಿಲ್ಲ. ಗಂಡ ಹೆಂಡತಿಯ ಮನಸ್ತಾಪ, ಕೆಲಸದ ಒತ್ತಡ, ಯಾರನ್ನೋ ಕಳೆದುಕೊಂಡ ದುಃಖ, ತನ್ನ ಮೇಲೇ ಇರುವ ಕೀಳರಿಮೆ, ಇವೆಲ್ಲ ಇನ್ನೂ ನಡೆಯುತ್ತಿರುವ ಬದುಕಿನ ವಿಷಯಗಳು. ಇಲ್ಲಿ ಒಂದು ಮಾತು ಕಲಿತು, ಆ ವಾರ ಮನೆಯಲ್ಲಿ ಆಡಿ ನೋಡಿ, ಸರಿಹೋಗದಿದ್ದರೆ ಮತ್ತೆ ಬಂದು ಕೂರಬೇಕು. ನಡುವಿನ ಆ ಏಳು ದಿನವೂ ಚಿಕಿತ್ಸೆಯ ಭಾಗವೇ. ಅದನ್ನು ಒಂದು ದಿನಕ್ಕೆ ತುರುಕಲು ಆಗುವುದಿಲ್ಲ.

ಕೆಲವು ಸಂದರ್ಭದಲ್ಲಿ ಉದ್ದನೆಯ ಸೆಷನ್‌ಗೆ ಅವಸರ ಮಾಡಲೇಬಾರದು. ಸಾಯುವ ಯೋಚನೆ ಬರುತ್ತಿದ್ದರೆ ಮೊದಲು ಇವತ್ತೇ ವೈದ್ಯರಿಗೋ ಜೊತೆಯಲ್ಲಿರುವವರಿಗೋ ಹೇಳಿ, ಥೆರಪಿಯ ಲೆಕ್ಕಾಚಾರ ಆಮೇಲೆ. ಇಲ್ಲದ ಧ್ವನಿ ಕೇಳಿಸುತ್ತಿದ್ದರೆ, ಕುಡಿತ ಕೈಮೀರಿದ್ದರೆ, ಹಿಂಸೆ ಕೊಟ್ಟವರ ಜೊತೆಗೇ ಇನ್ನೂ ಇದ್ದರೆ, ಹಳೆಯದು ನೆನಪಾದಾಗ ಎಲ್ಲಿದ್ದೀನಿ ಅನ್ನುವುದೇ ಮರೆತುಹೋಗುತ್ತಿದ್ದರೆ ಕೂಡ ಮೊದಲು ಬೇರೆ ತಯಾರಿ ಬೇಕು.

ಥೆರಪಿಸ್ಟ್‌ರನ್ನು ಆರಿಸುವಾಗ, ಆ ಮೂರು ಗಂಟೆಯಲ್ಲಿ ಯಾವ ವಿಧಾನ ಬಳಸುತ್ತೀರಿ ಅಂತ ನೇರವಾಗಿ ಕೇಳಿ. ಬರೀ ಮಾತನ್ನೇ ಉದ್ದ ಮಾಡಿದರೆ ಪ್ರಯೋಜನ ಕಡಿಮೆ. ಮೊದಲು ನಿಮ್ಮ ಹಿನ್ನೆಲೆ ಪೂರ್ತಿ ಕೇಳಿ ತಿಳಿದುಕೊಳ್ಳುತ್ತಾರಾ, ಮುಗಿದ ಮೇಲೆ ಮುಂದಿನ ವಾರಗಳಲ್ಲಿ ಸಿಗುತ್ತಾರಾ ಅನ್ನುವುದೂ ಮುಖ್ಯ. ಏನೂ ವಿಚಾರಿಸದೆ ಒಂದೇ ದಿನದಲ್ಲಿ ಗುಣ ಮಾಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ.

ನಿಮ್ಮದು ಒಂದೇ ಘಟನೆ ಅಂದಿದ್ದೀರಿ, ಹಾಗಾಗಿ ಪ್ರಯತ್ನಿಸುವುದು ಒಳ್ಳೆಯದು ಅಂತ ನನಗೆ ಅನಿಸುತ್ತದೆ. ಮೊದಲು ಈಗಿನ ಥೆರಪಿಸ್ಟ್‌ಗೇ ಹೇಳಿ: ವಿಷಯಕ್ಕೆ ಬರುವಷ್ಟರಲ್ಲಿ ಸಮಯ ಮುಗಿಯುತ್ತಿದೆ, 90 ನಿಮಿಷ ಕೊಡಬಹುದಾ ಅಂತ. ಆಘಾತದ ಚಿಕಿತ್ಸೆಯಲ್ಲಿ 90 ನಿಮಿಷದ ಸೆಷನ್ ಮಾಮೂಲಿ, ಅವರಿಗೆ ಅದು ವಿಚಿತ್ರ ಅನಿಸುವುದಿಲ್ಲ. ಆ ವಿಧಾನದ ತರಬೇತಿ ಅವರಿಗೆ ಇಲ್ಲದಿದ್ದರೆ, ಈ ಒಂದು ಕೆಲಸಕ್ಕೆ ಮಾತ್ರ ಬೇರೆಯವರ ಹೆಸರು ಕೇಳಿ. ಇಬ್ಬರೂ ನಿಮ್ಮ ಬಗ್ಗೆ ಮಾತಾಡಿಕೊಳ್ಳಲು ಒಪ್ಪಿಗೆ ಕೊಟ್ಟು, ವಾರದ ಸೆಷನ್ ಮುಂದುವರಿಸಿ.