ಮಂತ್ರಿಯಾಗದ ಶಾಸಕರ ಕೆಲಸವನ್ನು ಅಳೆಯುವುದು ಹೇಗೆ?

ಪ್ರಶ್ನೆ: ಶಾಂತವೇರಿ ಗೋಪಾಲಗೌಡರು ಮೂರು ಬಾರಿ ಶಾಸಕರಾಗಿದ್ದರೂ ಒಮ್ಮೆಯೂ ಮಂತ್ರಿಯಾಗಲಿಲ್ಲ. ಹಾಗಿದ್ದೂ ಅವರನ್ನು ದೊಡ್ಡ ಶಾಸಕರೆಂದು ಕರೆಯಲು ಆಧಾರವೇನು? ವಿರೋಧ ಪಕ್ಷದ ಸದಸ್ಯರು ಸದನದಲ್ಲಿ ನಿಜಕ್ಕೂ ಏನು ಸಾಧಿಸಬಲ್ಲರು?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಶಾಸಕರ ಮೊದಲ ಕೆಲಸ ಸರ್ಕಾರವನ್ನು ಪ್ರಶ್ನಿಸುವುದು ಮತ್ತು ಕಾನೂನನ್ನು ತಿದ್ದುವುದು, ಮಂತ್ರಿ ಪದವಿ ಅದರ ನಂತರದ ಮಾತು. ಗೋಪಾಲಗೌಡರ ರಾಜಕೀಯ ಜೀವನವನ್ನು ಈ ದೃಷ್ಟಿಯಿಂದ ನೋಡಿದರೆ ನಿಮ್ಮ ಸಂದೇಹಕ್ಕೆ ಉತ್ತರ ಸಿಗುತ್ತದೆ.

1923ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಹುಟ್ಟಿದ ಅವರು ಸದನಕ್ಕೆ ಬಂದದ್ದು ಚಳವಳಿಯ ದಾರಿಯಿಂದ. ಭೂಮಾಲೀಕರು ಗೇಣಿ ಭತ್ತವನ್ನು, ಅಂದರೆ ಉಳುಮೆಗೆ ಕೊಟ್ಟ ಜಮೀನಿನ ಬಾಡಿಗೆಯಾಗಿ ಪಡೆಯುವ ಭತ್ತವನ್ನು, ನ್ಯಾಯವಾದ ಅಳತೆಗಿಂತ ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದುದನ್ನು ವಿರೋಧಿಸಿ ಎದ್ದ ಗೇಣಿದಾರರ ಹೋರಾಟವೇ 1951ರ ಕಾಗೋಡು ಸತ್ಯಾಗ್ರಹ. ಎಚ್. ಗಣಪತಿಯಪ್ಪನವರು ಸಂಘಟಿಸಿದ್ದ ರೈತರ ಬೆನ್ನಿಗೆ ಗೋಪಾಲಗೌಡರು ಮತ್ತು ಸಮಾಜವಾದಿ ಪಕ್ಷ ನಿಂತವು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಸಾಗರ ಭಾಗದಿಂದ ಗೆದ್ದ ಗೋಪಾಲಗೌಡರು 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಆರಿಸಿ ಬಂದರು.

ಅವರ ಪಕ್ಷಕ್ಕೆ ಸದನದಲ್ಲಿ ಸರ್ಕಾರ ಉರುಳಿಸುವಷ್ಟು ಬಲ ಎಂದೂ ಇರಲಿಲ್ಲ. ಆದರೆ ಸಣ್ಣ ಪಕ್ಷದ ಸದಸ್ಯರಿಗೂ ಚುಕ್ಕೆ ಗುರುತಿನ ಪ್ರಶ್ನೆ (ಮಂತ್ರಿ ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆ) ಕೇಳುವ, ಮಂತ್ರಿಯ ಉತ್ತರ ಜಾರಿಕೆಯದಾದರೆ ಅಲ್ಲೇ ಉಪಪ್ರಶ್ನೆ ಹಾಕುವ, ಇಲಾಖೆಗಳ ಅನುದಾನದ ಬೇಡಿಕೆಗಳ ಮೇಲೆ ಕಡಿತದ ಸೂಚನೆ (ಕೇಳಿದ ಹಣವನ್ನು ಕಡಿಮೆ ಮಾಡಬೇಕೆಂಬ ಸೂಚನೆ) ತರುವ, ಮಸೂದೆಗೆ ತಿದ್ದುಪಡಿ ಸೂಚಿಸುವ ಹಕ್ಕುಗಳಿವೆ. ಮತಕ್ಕೆ ಹಾಕಿದಾಗ ತಿದ್ದುಪಡಿ ಬಿದ್ದುಹೋಗಬಹುದು. ಆದರೂ ಅದನ್ನು ಯಾರು, ಯಾವ ಕಾರಣ ಕೊಟ್ಟು ತಿರಸ್ಕರಿಸಿದರು ಎಂಬುದು ನಡವಳಿಯಲ್ಲಿ, ಅಂದರೆ ಸದನದ ಕಲಾಪದ ಅಧಿಕೃತ ವರದಿಯಲ್ಲಿ, ದಾಖಲಾಗಿ ಉಳಿಯುತ್ತದೆ, ಮುಂದಿನವರಿಗೆ ಅದು ವಾದದ ನೆಲೆಯಾಗುತ್ತದೆ.

ಭೂಸುಧಾರಣೆಯ ವಿಷಯದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 1961ರ ಭೂಸುಧಾರಣಾ ಕಾಯಿದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್‌ನಲ್ಲಿ. ಅದರಲ್ಲಿಯೂ ಸ್ವಂತ ಸಾಗುವಳಿಯ ಹೆಸರಿನಲ್ಲಿ ಮಾಲೀಕರು ಜಮೀನನ್ನು ಮರಳಿ ಪಡೆಯಲು ಅವಕಾಶವಿತ್ತು. ಉಳುವವನಿಗೇ ಭೂಮಿ ಸಲ್ಲಬೇಕೆಂಬ ಸಮಾಜವಾದಿಗಳ ಒತ್ತಾಯ ಕಾನೂನಿನ ರೂಪ ಪಡೆದದ್ದು ದೇವರಾಜ ಅರಸು ಸರ್ಕಾರದ ತಿದ್ದುಪಡಿಯಿಂದ. 1974ರ ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದವು. ಗೇಣಿದಾರರು ತಾವು ಉಳುವ ಜಮೀನಿನ ಒಡೆತನ ಕೋರಿ ನಮೂನೆ 7ರಲ್ಲಿ, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ‘ಡಿಕ್ಲರೇಷನ್’, ಅರ್ಜಿ ಕೊಟ್ಟರು. ಬಡ ಒಕ್ಕಲು ದೊಡ್ಡ ವಕೀಲರ ಮುಂದೆ ಸೋಲಬಾರದೆಂದು, ಆ ಅರ್ಜಿಗಳನ್ನು ತೀರ್ಮಾನಿಸುವ ಭೂ ನ್ಯಾಯಮಂಡಳಿಗಳಲ್ಲಿ ವಕೀಲರು ವಾದಿಸುವುದನ್ನೇ ಆಗ ನಿರ್ಬಂಧಿಸಲಾಗಿತ್ತು. ನನ್ನ ದೃಷ್ಟಿಯಲ್ಲಿ ಅಷ್ಟು ಸೂಕ್ಷ್ಮವಾದ ಕಾಳಜಿ ಹೊಲದ ಕಷ್ಟ ತಿಳಿದವರ ಮಾತು ವರ್ಷಗಟ್ಟಲೆ ಕೇಳಿದ ಮೇಲಲ್ಲದೆ ಕಾನೂನಿಗೆ ಬರುವಂಥದ್ದಲ್ಲ. ಗೋಪಾಲಗೌಡರು ಅದನ್ನು ನೋಡಲಿಲ್ಲ. 1972ರ ಜೂನ್‌ನಲ್ಲಿ, ಇನ್ನೂ ಐವತ್ತು ತುಂಬುವ ಮುನ್ನವೇ ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಿಡಬೇಕೆಂಬ ಅವರ ಒತ್ತಾಯ ಈಡೇರಿದ್ದೂ 1973ರ ನವೆಂಬರ್ 1ರಂದು.

ಭೂಸುಧಾರಣೆಯ ಶ್ರೇಯಸ್ಸೆಲ್ಲ ಅವರೊಬ್ಬರದೇ ಎನ್ನುವುದು ಸರಿಯಲ್ಲ. ಕಾನೂನು ತರುವ ಧೈರ್ಯ ಅರಸು ಅವರದು, ಜೈಲಿಗೆ ಹೋದ ಒಕ್ಕಲುಗಳದು ಅದಕ್ಕಿಂತ ಮೊದಲಿನ ಪಾಲು. ಆದರೆ ಅದೇ ಸಮಾಜವಾದಿ ಬಳಗದಲ್ಲಿ ಬೆಳೆದ ಜೆ.ಎಚ್. ಪಟೇಲ್ ಮತ್ತು ಎಸ್. ಬಂಗಾರಪ್ಪ ಮುಖ್ಯಮಂತ್ರಿಗಳಾದರು, ಕಾಗೋಡು ತಿಮ್ಮಪ್ಪ ವಿಧಾನಸಭಾಧ್ಯಕ್ಷರಾದರು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ನಿಮ್ಮ ಕ್ಷೇತ್ರದ ಈಗಿನ ಶಾಸಕರನ್ನು ಅಳೆಯುವುದಾದರೆ ಗುದ್ದಲಿಪೂಜೆಗಳನ್ನು ಎಣಿಸಬೇಡಿ. ವಿಧಾನಸಭೆಯ ನಡವಳಿಯನ್ನು ತೆರೆದು, ಅವರು ಕೇಳಿದ ಪ್ರಶ್ನೆಗಳನ್ನೂ ಉತ್ತರ ಬಂದ ಮೇಲೆ ಅವರು ಎತ್ತಿದ ಉಪಪ್ರಶ್ನೆಗಳನ್ನೂ ಓದಿ. ವಿಷಯ ಓದಿಕೊಂಡು ಬಂದವರು ಯಾರೆಂಬುದು ಆ ಉಪಪ್ರಶ್ನೆಯಲ್ಲೇ ತಿಳಿಯುತ್ತದೆ.