ಸಂಪಾಜೆ ಘಾಟಿ ಇಳಿಯಲು ಧೈರ್ಯ ಬರುತ್ತಿಲ್ಲ: ಪ್ರತಿಕ್ರಿಯೆ

ಲೈಸೆನ್ಸ್ ಸಿಕ್ಕಿ ಎರಡು ವರ್ಷವಾದರೂ ಮಡಿಕೇರಿ ಪೇಟೆ ದಾಟಿ ಕಾರು ಓಡಿಸಿಲ್ಲ, ಈಗ ಸುಳ್ಯದಲ್ಲಿ ಕೆಲಸ ಸಿಕ್ಕಿದೆ, ದಾರಿಯಲ್ಲಿರುವ ಸಂಪಾಜೆ ಘಾಟಿ ಇಳಿಯಲು ಭಯ ಅಂದಿದ್ದೀರಿ. ಇದು ಪುಕ್ಕಲುತನ ಅಲ್ಲ. ಪ್ರತಿ ಸಲ ತಪ್ಪಿಸಿಕೊಂಡಾಗ ಸಿಗುವ ನಿರಾಳವೇ ಭಯವನ್ನು ಬೆಳೆಸುತ್ತೆ. ಧೈರ್ಯ ಬರಲಿ ಅಂತ ಕಾಯಬೇಡಿ, ದಾರಿಯನ್ನೇ ತುಂಡು ಮಾಡಿ.

ಮೊದಲು ಬೆಳಿಗ್ಗೆ ಬೇಗ, ನುರಿತವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ದಾರಿಯಲ್ಲಿ ಸಿಗುವ ಮದೆನಾಡಿನವರೆಗೆ ಮಾತ್ರ ಹೋಗಿ ಬನ್ನಿ. ಕೈ ನಡುಗುವುದು ನಿಂತ ಮೇಲೆ ಕೊಯನಾಡು, ಆಮೇಲೆ ಸಂಪಾಜೆ. ಮೂರು ಸಲಕ್ಕೇ ಸಾಕಾಗಬಹುದು, ಹತ್ತೂ ಬೇಕಾಗಬಹುದು.

ಹೆಚ್ಚಿನವರು ಎಡವೋದು ಇಳಿಜಾರಲ್ಲಿ. ಉದ್ದಕ್ಕೂ ಬ್ರೇಕ್ ಮೇಲೇ ಕಾಲಿಟ್ಟರೆ ಅದು ಕಾದು ಹಿಡಿತ ಬಿಡುತ್ತೆ. ತಿರುವು ಬರುವ ಮುಂಚೆಯೇ ಎರಡನೇ ಗೇರಿಗೆ ಇಳಿಸಿ, ಕ್ಲಚ್ಚಿನಿಂದ ಕಾಲು ತೆಗೆಯಿರಿ; ಇಂಜಿನ್ನೇ ಗಾಡಿಯನ್ನು ಹಿಡಿಯುತ್ತೆ. ನ್ಯೂಟ್ರಲ್ ಬೇಡವೇ ಬೇಡ. ಸುಟ್ಟ ವಾಸನೆ ಬಂದರೆ ಅಗಲದ ಜಾಗ ನೋಡಿ ನಿಲ್ಲಿಸಿ, ಆರಲು ಬಿಡಿ, ನೀರು ಸುರಿಯಬೇಡಿ. ತಿರುವಿನಲ್ಲಿ ಹಾರ್ನ್, ಹತ್ತಿ ಬರುವ ಗಾಡಿಗೆ ದಾರಿ.

ಮಂಜಿದ್ದರೆ ಲೋ ಬೀಮ್. ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಅಷ್ಟೇ. ಹಿಂದಿನ ಬಸ್ಸು ಹಾರ್ನ್ ಹೊಡೀತು ಅಂತ (ಹೊಡೆದೇ ಹೊಡೆಯುತ್ತೆ) ವೇಗ ಹೆಚ್ಚಿಸಬೇಡಿ, ಎಡಕ್ಕೆ ಸರಿದು ಬಿಟ್ಟುಕೊಡಿ.

ಜುಲೈ-ಆಗಸ್ಟ್ ಮಳೆಯಲ್ಲಿ ಮಾತ್ರ ಅಭ್ಯಾಸ ಶುರು ಮಾಡಬೇಡಿ. 2018ರಲ್ಲಿ ಗುಡ್ಡ ಕುಸಿದ ದಾರಿ ಅದು. ಮಳೆ ಕಡಿಮೆಯಾಗುವವರೆಗೆ ಬಸ್ಸಲ್ಲಿ ಹೋಗಿ, ಮುಂದಿನ ಸೀಟಲ್ಲಿ ಕೂತು ಡ್ರೈವರ್ ಎಲ್ಲಿ ಗೇರ್ ಬದಲಿಸ್ತಾರೆ ಗಮನಿಸಿ.